ಮೂರು ಮನೆಯ ಹೊಸ್ತಿಲು ತುಳಿದ ಮುತ್ತಜ್ಜಿ: ಉಡಿಕೆಯಾದ ಹೆಣ್ಣುಮಗಳನ್ನು ಹಳೆಯ ಉತಾರಗಳಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ
ಪ್ರೌಢಶಾಲೆಯ ಶಿಕ್ಷಕಿ, ವಿಜಯಪುರ

ಎಲ್ಲ ಹಿರಿಯರಿಗೂ ನಮಸ್ಕಾರ. ನನ್ನ ತಂದೆಯ ಅಜ್ಜಿ, ಅಂದರೆ ನನ್ನ ಮುತ್ತಜ್ಜಿ, ಮೂರು ಸಲ ಮದುವೆಯಾದವಳು. ಮೊದಲನೆಯದು ಲಗ್ನ, ಮುಂದಿನ ಎರಡೂ ಉಡಿಕೆ, ಅಂದರೆ ಮರುಮದುವೆ. ಮೂರನೆಯ ಮನೆಯ ಕುಡಿಗಳು ನಾವು. ಈ ಸಂಗತಿ ನನಗೆ ತಿಳಿದದ್ದೇ ನಲವತ್ತು ದಾಟಿದ ಮೇಲೆ. ನಮ್ಮ ಸೋದರತ್ತೆ ತೀರಿಕೊಳ್ಳುವ ಹಿಂದಿನ ವರ್ಷ, ಜೋಳ ಹಸನು ಮಾಡುತ್ತ ಕುಳಿತಿದ್ದಾಗ, "ನಮ್ಮ ಆಯಿ ಮೂರು ಮನಿ ಹೊಸ್ತಿಲಾ ತುಳದಾಕಿ" ಎಂದು ತಾನಾಗಿಯೇ ಹೇಳಿದಳು. ಅದಕ್ಕಿಂತ ಮೊದಲು ಮನೆಯಲ್ಲಿ ಯಾರೂ ಆ ಮಾತು ಎತ್ತಿದವರಲ್ಲ. ಉಡಿಕೆಯಾದವಳು ಎಂಬುದನ್ನು ಮುಚ್ಚಿಡಬೇಕಾದ ವಿಷಯವೆಂದು ನಮ್ಮ ಹಿರಿಯರು ಭಾವಿಸಿದ್ದರೆಂದು ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆಕೆ ಎಲ್ಲಿ ಹುಟ್ಟಿದಳು, ಯಾವ ಮನೆಯಲ್ಲಿ ಎಷ್ಟು ವರ್ಷ ಬಾಳಿದಳು, ಹಿಂದೆ ಬಿಟ್ಟುಬಂದವರು ಯಾರು ಎಂಬುದನ್ನು ನನ್ನ ಮಕ್ಕಳಿಗಾದರೂ ಸರಿಯಾಗಿ ಹೇಳಬೇಕು ಎಂಬ ಆಸೆ ನನ್ನದು.

ಅತ್ತೆ ಹೇಳಿದ್ದು ಇಷ್ಟು. ಮೊದಲ ಗಂಡ ಬಾಗಲಕೋಟೆ ತಾಲೂಕಿನ ಒಂದು ಹಳ್ಳಿಯವನು. ಒಂದು ಗಂಡು ಕೂಸು ಹುಟ್ಟಿದ ಮೇಲೆ ಪ್ಲೇಗಿನಲ್ಲಿ ತೀರಿಕೊಂಡ. ಎರಡನೆಯವನು ಹೊಳೆಯಾಚೆ ಜಮಖಂಡಿ ಸಂಸ್ಥಾನದ ಹಳ್ಳಿಯವನು. ಅವನು "ದೊಡ್ಡ ಜ್ವರದ ವರ್ಷ", ಅಂದರೆ 1918ರ ಇನ್‌ಫ್ಲುಯೆಂಜಾದಲ್ಲಿ ಹೋದನಂತೆ. ಮೂರನೆಯವನು ನಮ್ಮ ಮುತ್ತಜ್ಜ, ಬಸವನಬಾಗೇವಾಡಿ ತಾಲೂಕಿನವನು. ಹೆಸರು, ಅಡ್ಡಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ, ಮೂರೂ ಮನೆಗಳಲ್ಲಿ ಇಂದಿಗೂ ಜನರಿದ್ದಾರೆ.

ನನ್ನ ಬಳಿ ಇರುವ ಆಧಾರಗಳನ್ನು ಹೇಳುತ್ತೇನೆ. ಮೊದಲ ಗಂಡನ ಊರು ಮತ್ತು ಅಡ್ಡಹೆಸರು ಗೊತ್ತಿದ್ದುದರಿಂದ ಅರ್ಜಿ ಕೊಟ್ಟು ಆ ಮನೆತನದ ಹೊಲದ ಹಳೆಯ ಡೈರಿಗಳ, ಅಂದರೆ ಹಕ್ಕು ಬದಲಾದದ್ದನ್ನು ಬರೆದಿಡುವ ನೋಂದುಗಳ, ನಕಲು ತೆಗೆಸಿದ್ದೇನೆ. 1912ರ ವಾರಸಾ ಡೈರಿಯಲ್ಲಿ ಗಂಡನ ಹೆಸರು ಕಡಿಮೆಯಾಗಿ ಮಗನ ಹೆಸರು ಬಂದಿದೆ, ಅದರ ಮುಂದೆ "ಅ.ಪಾ.ಕ. ತಾಯಿ" ಎಂದು ಬರೆದು ಒಬ್ಬ ಹೆಣ್ಣುಮಗಳ ಹೆಸರು, ಆಮೇಲೆ "ಕೋಂ" (ಇಂಥವನ ಹೆಂಡತಿ) ಎಂದು ಸತ್ತ ಗಂಡನ ಹೆಸರು ಇದೆ. 1915ರ ಇನ್ನೊಂದು ಡೈರಿಯಲ್ಲಿ ಅದೇ ಹುಡುಗನ ಮುಂದೆ "ಅ.ಪಾ.ಕ. ಕಾಕಾ" ಎಂದಿದೆ, ತಾಯಿಯ ಸುದ್ದಿಯೇ ಇಲ್ಲ. ತೊಂದರೆ ಏನೆಂದರೆ, 1912ರ ಡೈರಿಯಲ್ಲಿರುವ ಹೆಸರು ನಮ್ಮ ಮನೆಯಲ್ಲಿ ಆಕೆಗೆ ಇದ್ದ ಹೆಸರಲ್ಲ. ಹಾಗಾದರೆ ಆ ತಾಯಿ ಬೇರೆ ಯಾರೋ ಆಗಿದ್ದು 1915ರೊಳಗೆ ಸತ್ತಿರಬಹುದೇ? ನಾನು ತಪ್ಪು ಮನೆಯ ದಾಖಲೆ ಹಿಡಿದುಕೊಂಡು ಕುಳಿತಿದ್ದೇನೆಯೇ?

ಎರಡನೆಯದು, ನಮ್ಮ ಅಡುಗೆಮನೆಯ ಅಟ್ಟದ ಮೇಲಿದ್ದ ತಾಮ್ರದ ಹಂಡೆ. ಅದು ಆಕೆಯ ಜೊತೆ ಬಂದದ್ದೆಂದು ಅತ್ತೆ ಹೇಳುತ್ತಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಕಂಠದ ಕೆಳಗೆ ಚುಕ್ಕೆಗಳಿಂದ ಕೊರೆದ ಅಕ್ಷರಗಳು ಎದ್ದವು. ಒಂದು ಗಂಡು ಹೆಸರು, ಘಟಪ್ರಭೆಯ ದಂಡೆಯ ಒಂದು ಊರಿನ ಹೆಸರು. ಅದು ಮೊದಲ ಗಂಡನ ಹೆಸರೂ ಅಲ್ಲ, ನಮ್ಮ ಮುತ್ತಜ್ಜನದೂ ಅಲ್ಲ. ಆದ್ದರಿಂದ ಎರಡನೆಯ ಗಂಡನದೇ ಇರಬೇಕೆಂದು ನನ್ನ ಊಹೆ.

ಮೂರನೆಯದು, ನನ್ನ ಅಜ್ಜನ ಶಾಲಾ ದಾಖಲಾತಿಯ ಉತಾರ, ಅಂದರೆ ನಕಲು. ಅದರಲ್ಲಿ ಹುಟ್ಟಿದ ದಿನಾಂಕ 1924ರ ಜೂನ್ 1 ಎಂದಿದೆ.

ಇನ್ನು ಟ್ರಂಕಿನ ತಳದಲ್ಲಿ ಮಡಿಕೆ ಹರಿದ ಒಂದು ಕಾಗದವಿದೆ. ಮರಾಠಿಯ ಮೋಡಿ ಲಿಪಿ ಇರಬಹುದೆಂದು ನೋಡಿದವರು ಹೇಳಿದರು. ಓದಿದವರು ಯಾರೂ ಇಲ್ಲ. ನಮ್ಮ ವಿಷಯಕ್ಕೆ ಅದು ಸಂಬಂಧಿಸಿದೆಯೋ ಇಲ್ಲವೋ ತಿಳಿಯದು. ಅದರ ಚಿತ್ರವನ್ನೂ ಹಾಕಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.


ಉತ್ತರ 1
ನಿವೃತ್ತ ತಲಾಠಿ (ಗ್ರಾಮಲೆಕ್ಕಿಗ), ಗೋಕಾಕ

ತಂಗಿ, ನೀವು ತಪ್ಪು ಮನೆಯ ದಾಖಲೆ ಹಿಡಿದಿಲ್ಲ. ನಿಮಗೆ ಬೇಕಾದ ಸಂಗತಿ ಆ ಎರಡು ಡೈರಿಗಳ ನಡುವೆಯೇ ಇದೆ.

"ಅ.ಪಾ.ಕ." ಎಂದರೆ ಅಜ್ಞಾನ ಪಾಲನಕರ್ತ. ವಾರಸುದಾರ ಸಣ್ಣವನಿದ್ದಾಗ ಅವನ ಪರವಾಗಿ ಹೊಲದ ವ್ಯವಹಾರ ನೋಡುವವರ ಹೆಸರನ್ನು ಹೀಗೆ ಬರೆಯುವುದು ಮುಂಬೈ ಪ್ರಾಂತದ ಪದ್ಧತಿ; ನಮ್ಮ ಕಡೆ ಈಗಲೂ ನಡೆದಿದೆ. ಹಕ್ಕುಗಳ ದಾಖಲೆಯ ಕಾಯ್ದೆ ಮುಂಬೈ ಪ್ರಾಂತಕ್ಕೆ ಬಂದದ್ದು 1903ರಲ್ಲಿ. ಅಲ್ಲಿಂದ ಮುಂದೆ ವಾರಸಾ, ಖರೀದಿ, ವಾಟ್ನಿ (ಪಾಲು ಹಂಚಿಕೆ), ಯಾವುದೇ ಬದಲಾವಣೆಯಾದರೂ ಡೈರಿಯಲ್ಲಿ ಏರಬೇಕಾಯಿತು. ಆದ್ದರಿಂದ ನಿಮ್ಮ ಮುತ್ತಜ್ಜಿಯವರ ಕಾಲ ಹುಡುಕುವವರಿಗೆ ಅನುಕೂಲವಾದ ಕಾಲವೇ. ಇಪ್ಪತ್ತು ವರ್ಷ ಮೊದಲಾಗಿದ್ದರೆ ಇಷ್ಟೂ ಸಿಗುತ್ತಿರಲಿಲ್ಲ.

ಈಗ ಯೋಚನೆ ಮಾಡಿ. ತಾಯಿ ಬದುಕಿದ್ದೂ ಪಾಲನಕರ್ತನ ಜಾಗದಲ್ಲಿ ಕಾಕಾ ಬರಬೇಕಾದರೆ ಏನಾಗಿರಬೇಕು? 1856ರ ವಿಧವಾ ಪುನರ್ವಿವಾಹ ಕಾಯ್ದೆ ಒಂದು ಕೈಯಿಂದ ಮರುಮದುವೆಗೆ ಮಾನ್ಯತೆ ಕೊಟ್ಟು, ಇನ್ನೊಂದು ಕೈಯಿಂದ ಸತ್ತ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕನ್ನು ಕಿತ್ತುಕೊಂಡಿತು. ಮರುಮದುವೆಯಾದ ದಿನ, ಆಸ್ತಿಯ ಮಟ್ಟಿಗೆ, ಅವಳು ಸತ್ತಂತೆ ಎಂಬುದು ಅದರ ತಿರುಳು. ತಂದೆಯಿಲ್ಲದ ಮಕ್ಕಳ ಪಾಲನೆಯನ್ನು ತಂದೆಯ ಕಡೆಯವರು ನ್ಯಾಯಾಲಯದ ಮೂಲಕ ತಮ್ಮ ಕೈಗೆ ಕೇಳಿಕೊಳ್ಳಲೂ ಅದು ದಾರಿ ಮಾಡಿಕೊಟ್ಟಿತು. ಉಡಿಕೆಯ ವಾಡಿಕೆ ಮೊದಲಿನಿಂದಲೂ ಇದ್ದ ಸಮಾಜಗಳಿಗೂ ಮುಂಬೈ ಪ್ರಾಂತದ ನ್ಯಾಯಾಲಯ ಇದನ್ನೇ ಅನ್ವಯಿಸಿತು. ಹಳ್ಳಿಯಲ್ಲಿ ಕೋರ್ಟಿನವರೆಗೆ ಹೋಗುವವರು ಕಡಿಮೆ. ಸೊಸೆ ಉಡಿಕೆಯಾಗಿ ಹೊರಟಳೆಂದರೆ ಕೂಸನ್ನು ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದರು, ಮುಂದೆ ಡೈರಿ ಬರೆಯುವಾಗ ತಾಯಿಯ ಹೆಸರಿನ ಜಾಗಕ್ಕೆ ಕಾಕಾನ ಹೆಸರು ಏರುತ್ತಿತ್ತು. ಸೇವೆಯಲ್ಲಿದ್ದಾಗ ಇಂಥ ಹಳೆಯ ನೋಂದುಗಳನ್ನು ನಾನು ಬಹಳ ಕಂಡಿದ್ದೇನೆ. ಉಡಿಕೆ ರಾತ್ರಿ ಹೊತ್ತು ನಾಲ್ಕು ಜನರ ಎದುರು ಸೀರೆ ಉಡಿಸಿ ಮುಗಿಸುವ ಕಾರ್ಯ. ಅದಕ್ಕೆ ಲಗ್ನಪತ್ರಿಕೆ ಇಲ್ಲ, ಮುಯ್ಯಿಯ ಯಾದಿ ಇಲ್ಲ. ಅದರ ಗುರುತು ಎಲ್ಲಾದರೂ ಉಳಿದಿದ್ದರೆ ಇಂಥ ಒಂದು ಪದದ ಬದಲಾವಣೆಯಲ್ಲೇ. ನಿಮ್ಮ ಮುತ್ತಜ್ಜಿಯವರ ಎರಡನೆಯ ಮದುವೆ 1912 ಮತ್ತು 1915ರ ನಡುವೆ ಆಯಿತೆಂದು ನೀವು ಧೈರ್ಯವಾಗಿ ಬರೆದುಕೊಳ್ಳಬಹುದು. ಅವರು ಆಗ ಸತ್ತಿದ್ದರೆ ಎಂಬ ಅನುಮಾನ ಉಳಿದರೆ, ಗ್ರಾಮದ ಮರಣ ನೋಂದಣಿ ಪುಸ್ತಕದಲ್ಲಿ ಆ ಮೂರು ವರ್ಷಗಳನ್ನು ಮಾತ್ರ ನೋಡಿ.

ಹೆಸರು ಬೇರೆಯಾದದ್ದಕ್ಕೆ ಗಾಬರಿಯಾಗಬೇಡಿ. ಗಂಡನ ಮನೆಗೆ ಬಂದ ಸೊಸೆಗೆ ಹೊಸ ಹೆಸರಿಡುವ ರೂಢಿ ನಮ್ಮ ಭಾಗದಲ್ಲಿ ಅನೇಕ ಮನೆತನಗಳಲ್ಲಿತ್ತು. ಮೂರು ಮನೆ ಎಂದರೆ ಮೂರು ಹೆಸರಿರಬಹುದು, ತವರಿನದು ಸೇರಿದರೆ ನಾಲ್ಕು. "ಉರ್ಫ್" ಅಥವಾ "ಯಾನೆ" ಎಂದು ಎಲ್ಲಿಯಾದರೂ ಎರಡು ಹೆಸರು ಒಟ್ಟಿಗೆ ಬರೆದ ಕಾಗದ ಸಿಕ್ಕರೆ ಜೋಪಾನ ಮಾಡಿ.

ಅಜ್ಜನವರ ಜೂನ್ 1ರ ಬಗ್ಗೆ: ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಬರೆದುಕೊಳ್ಳುತ್ತಿದ್ದ ದಿನಾಂಕ ಅದು. ವರ್ಷವನ್ನೂ ಒಂದೆರಡು ವರ್ಷ ಹಿಂದೆಮುಂದೆ ಎಂದೇ ಹಿಡಿಯಿರಿ.

ಎರಡನೆಯ ಗಂಡನ ಹೊಲದ ಕಾಗದದಲ್ಲಿ ಅವರ ಹೆಸರು ಸಿಗದಿದ್ದರೆ ನಿರಾಶರಾಗಬೇಡಿ. 1937ರ ಕಾಯ್ದೆ ಬರುವ ಮೊದಲು, ಅಣ್ಣತಮ್ಮಂದಿರು ಒಟ್ಟಿಗಿದ್ದ ಮನೆಯಲ್ಲಿ ಮಕ್ಕಳಿಲ್ಲದ ವಿಧವೆಗೆ ಇದ್ದದ್ದು ಪೋಟಗಿ, ಅಂದರೆ ಜೀವನಾಂಶ, ಮಾತ್ರ. ಪಾಲು ಉಳಿದ ಅಣ್ಣತಮ್ಮಂದಿರಿಗೆ ಸೇರುತ್ತಿತ್ತು, ಅವಳ ಹೆಸರು ಡೈರಿಗೆ ಬರುತ್ತಲೇ ಇರಲಿಲ್ಲ.

ಕೊನೆಗೆ ಒಂದು ಕಳಕಳಿಯ ಮಾತು. ಮೊದಲ ಮನೆಯವರ ಹತ್ತಿರ ಹೋಗುವಾಗ ಡೈರಿಯ ನಕಲನ್ನು ಕೈಯಲ್ಲಿ ಹಿಡಿದು ಹೋಗಬೇಡಿ. ಹಳೆಯ ವಾರಸಾ ಕೇಳುತ್ತ ಯಾರಾದರೂ ಬಾಗಿಲಿಗೆ ಬಂದರೆ ಹಳ್ಳಿಯ ಜನ ಮೊದಲು ನೆನೆಯುವುದು ವಾಟ್ನಿಯ ದಾವೆಯನ್ನು. ಊರ ಹಿರಿಯರೊಬ್ಬರನ್ನು ಮುಂದೆ ಮಾಡಿಕೊಂಡು, ಹೊಲ ಮನೆ ನಮಗೆ ಬೇಡ ಎಂದು ಮೊದಲೇ ಬಾಯಿ ಬಿಟ್ಟು ಹೇಳಿ.


ಉತ್ತರ 2
ಜಮಖಂಡಿಯ ಗೃಹಿಣಿ

ಅಕ್ಕಾ, ನಿಮ್ಮ ಹಂಡೆಯ ವಿಷಯಕ್ಕಾಗಿಯೇ ಬರೆಯುತ್ತಿದ್ದೇನೆ. ಅದರ ಮೇಲಿರುವುದು ಎರಡನೆಯ ಗಂಡನ ಹೆಸರು ಎಂಬ ಊಹೆಯನ್ನು ಬಿಟ್ಟುಬಿಡಿ. ಮಗಳಿಗೆ ಭಾಂಡೆ ಕೊಡುವಾಗ ಹೆಸರು ಕೊರೆಸುವವರು ತವರಿನವರು. ಕೊಟ್ಟ ತಂದೆಯ ಅಥವಾ ಅಣ್ಣನ ಹೆಸರು, ಅವರ ಊರು, ಕೆಲವೊಮ್ಮೆ ಮಗಳ ಹೆಸರಿನ ಮೊದಲಕ್ಷರ. ನನ್ನ ತಾಯಿಯ ಕೊಡಪಾನದ ಮೇಲೆ ನಮ್ಮ ಅಜ್ಜನ ಹೆಸರಿದೆ, ನನ್ನ ತಂದೆಯದಲ್ಲ. ಗಂಡನ ಮನೆಯ ಭಾಂಡೆಯನ್ನು ಸೊಸೆ ಇನ್ನೊಂದು ಮನೆಗೆ ಹೊತ್ತುಕೊಂಡು ಹೋಗಲು ಯಾರೂ ಬಿಡುವುದಿಲ್ಲ. ತವರಿನದು ಮಾತ್ರ ಅವಳದು. ಮೂರು ಮನೆ ದಾಟಿ ಆ ಹಂಡೆ ನಿಮ್ಮ ಅಟ್ಟಕ್ಕೆ ಬಂದಿದೆ ಎಂದರೆ ಅದು ಅವರ ತಂದೆ ಕೊಟ್ಟದ್ದೇ. ಘಟಪ್ರಭೆಯ ದಂಡೆಯ ಆ ಊರು ಅವರ ತವರು.

ಇಲ್ಲಿಂದ ಹುಡುಕಾಟದ ದಿಕ್ಕನ್ನೇ ಬದಲಿಸಿ ಎಂದು ನನ್ನ ವಿನಂತಿ. ನೀವು ಗಂಡಂದಿರ ಬೆನ್ನು ಹತ್ತಿದ್ದೀರಿ. ತವರಿನ ಬೆನ್ನು ಹತ್ತಿ. ಗಂಡ ಬದಲಾದರೆ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, "ಕೋಂ" ಆದ ಮೇಲಿನ ಹೆಸರೂ ಬದಲಾಗುತ್ತದೆ. ತವರು ಒಂದೇ. ಗಂಡ ಸತ್ತಾಗ, ಗಂಡ ಬಿಟ್ಟಾಗ ಹೆಣ್ಣುಮಗಳು ಬಂದು ನಿಲ್ಲುವುದು ಅಲ್ಲಿಯೇ, ಉಡಿಕೆಗೆ ಗಂಡು ನೋಡುವವರೂ ಅಲ್ಲಿಯವರೇ.

ಆ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಡೆಯಾಗಿದ್ದರೆ ದುಃಖದ ಸಂಗತಿ ಹೌದು, ಆದರೆ ನಿಮ್ಮ ಕೆಲಸಕ್ಕೆ ಒಂದು ಆಧಾರವೂ ಹೌದು. ಪರಿಹಾರ ಪಡೆಯಲು ಪ್ರತಿಯೊಂದು ಮನೆತನವೂ ವಂಶಾವಳಿ ಬರೆದುಕೊಡಬೇಕಾಗಿತ್ತು. ನಮ್ಮ ದೊಡ್ಡಪ್ಪನವರು ಬರೆಸಿದ ವಂಶಾವಳಿಯಲ್ಲಿ ನಾಲ್ಕು ತಲೆಮಾರು ಇದ್ದವು. ಹೆಣ್ಣುಮಕ್ಕಳ ಹೆಸರು ಅದರಲ್ಲಿ ಬಂದೇ ಇರುತ್ತದೆ ಎಂದು ಹೇಳಲಾರೆ, ಆದರೆ ಹಂಡೆಯ ಮೇಲಿನ ಗಂಡು ಹೆಸರು ಮಾತ್ರ ಅಲ್ಲಿ ಸಿಕ್ಕೇ ಸಿಗಬೇಕು. ಊರವರು ಈಗ ಯಾವ ಪುನರ್ವಸತಿ ಕೇಂದ್ರದಲ್ಲಿದ್ದಾರೆ ಎಂದು ವಿಚಾರಿಸಿ.

ಹಾಗೆಯೇ, ಆ ಮನೆತನಕ್ಕೆ ಹೆಳವರು ಇದ್ದಾರೆಯೇ ಎಂದು ಕೇಳಿ. ಎತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತು ಮೂಲಪುರುಷನಿಂದ ಹಿಡಿದು ವಂಶ ಹೊಗಳಿ, ಕಾಳು ಕಡಿ ತೆಗೆದುಕೊಂಡು, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಹೋಗುವವರು ಅವರು. ಈಗ ವಾಹನದಲ್ಲಿ ಬರುತ್ತಾರೆ, ಹೊತ್ತಿಗೆ ಮಾತ್ರ ಅದೇ. ಬೆಡಗು (ಕುಲದ ಕವಲು) ಯಾವುದು, ಮೂಲ ಊರು ಯಾವುದು ಎಂಬುದನ್ನು ನಮ್ಮ ಮನೆಯ ಹೆಳವರು ನಮಗಿಂತ ಚೆನ್ನಾಗಿ ಬಲ್ಲರು. ಸುಗ್ಗಿ ಮುಗಿದ ಮೇಲೆ ಬರುವುದು ಹೆಚ್ಚು, ಅಲ್ಲಿಯವರೆಗೆ ಕಾಯಬೇಕಾದೀತು.


ಉತ್ತರ 3
ಮೋಡಿ ಓದುವ ಹವ್ಯಾಸಿ, ಬೆಳಗಾವಿ

ಮಾನ್ಯರೆ, ನೀವು ಹಾಕಿದ ಕಾಗದವನ್ನು ಎರಡು ದಿನ ಕುಳಿತು ಓದಿದೆ. ಎರಡು ಕಡೆ ಮಡಿಕೆಯಲ್ಲಿ ಅಕ್ಷರ ಹೋಗಿವೆ, ಉಳಿದದ್ದು ಸ್ಪಷ್ಟವಾಗಿದೆ. ಇದು ನಿಮ್ಮ ವಿಷಯಕ್ಕೇ ಸಂಬಂಧಿಸಿದ ಕಾಗದ. ಇದನ್ನು ಓದಿದ ಮೇಲೆ ನಿಮ್ಮ ಅತ್ತೆಯವರ ಮಾತಿನಲ್ಲಿ ಒಂದನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಇದು ಸೋಡಚೀಟಿ, ಅಂದರೆ ಗಂಡ ಹೆಂಡತಿಗೆ ಬರೆದುಕೊಡುವ ಬಿಡುಗಡೆಯ ಪತ್ರ. ಎರಡನೆಯ ಗಂಡ ಪಂಚರ ಎದುರು ಬರೆದುಕೊಟ್ಟದ್ದು. ಮೇಲಿರುವ ಮುದ್ರೆ ಜಮಖಂಡಿ ಸಂಸ್ಥಾನದ್ದು. ಸಂಸ್ಥಾನದ ಕಾರಭಾರ ಮರಾಠಿಯಲ್ಲಿ ನಡೆಯುತ್ತಿದ್ದುದರಿಂದ ಕನ್ನಡದ ಮನೆಯ ಕಾಗದವೂ ಮೋಡಿಯಲ್ಲಿದೆ. ಕಾಲ ಶಕೆ 1842, ರೌದ್ರಿ ನಾಮ ಸಂವತ್ಸರ, ಮಾರ್ಗಶೀರ್ಷ ಶುದ್ಧ. ಶಕೆಗೆ 78 ಕೂಡಿಸಿದರೆ 1920. ಆ ವರ್ಷದ ಮಾರ್ಗಶೀರ್ಷ ಶುದ್ಧ ಡಿಸೆಂಬರ್ ತಿಂಗಳಿನಲ್ಲಿ ಬರುತ್ತದೆ. ಸಂವತ್ಸರದ ಹೆಸರೊಂದೇ ಇದ್ದಿದ್ದರೆ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅನುಮಾನ ಉಳಿಯುತ್ತಿತ್ತು. ಶಕೆಯೂ ಇರುವುದರಿಂದ ಇಲ್ಲಿ ಆ ಪ್ರಶ್ನೆಯಿಲ್ಲ.

ಅಂದರೆ ಎರಡನೆಯ ಗಂಡ 1918ರ ಜ್ವರದಲ್ಲಿ ತೀರಿಕೊಂಡಿರಲಿಲ್ಲ. ಎರಡು ವರ್ಷದ ನಂತರವೂ ಬದುಕಿದ್ದ. ನಿಮ್ಮ ಮುತ್ತಜ್ಜಿ ಎರಡು ಸಲ ವಿಧವೆಯಾದವರಲ್ಲ; ಒಮ್ಮೆ ವಿಧವೆಯಾದವರು, ಒಮ್ಮೆ ಬಿಡುಗಡೆ ಪಡೆದವರು. ಗಂಡ ಸತ್ತ ಎಂದು ಹೇಳುವುದು ಮನೆಯವರಿಗೆ ಸುಲಭವಾಗಿದ್ದಿರಬೇಕು, ಅದಕ್ಕೆ ಎಲ್ಲರ ಮನೆಯಲ್ಲೂ ಸಾವು ಕಂಡಿದ್ದ ಆ ವರ್ಷ ಒದಗಿಬಂದಿರಬೇಕು. ಇದು ನನ್ನ ಅನಿಸಿಕೆ ಮಾತ್ರ.

ಕಾಗದದ ಸಾರ ಹೀಗಿದೆ: ನಮ್ಮಿಬ್ಬರಿಗೂ ಒಗತನ (ಸಂಸಾರ) ಕೂಡಿಬರಲಿಲ್ಲ, ಮೈಮೇಲೆ ಹಾಕಿದ ಒಡವೆ ತಿರುಗಿ ಮುಟ್ಟಿದೆ, ಮದುವೆಯ ಖರ್ಚಿನ ಬಾಬ್ತು ನಲವತ್ತು ರೂಪಾಯಿ ನಿನ್ನ ಅಣ್ಣನ ಕೈಯಿಂದ ಮುಟ್ಟಿದೆ, ಇನ್ನು ಮುಂದೆ ನೀನು ಮನಸ್ಸು ಬಂದಲ್ಲಿ ಉಡಿಕೆಯಾಗಲು ನನ್ನ ತಕರಾರು ಇಲ್ಲ. ಅಣ್ಣನ ಹೆಸರಿನ ಮುಂದೆ "ಬಿನ್" ಎಂದು ತಂದೆಯ ಹೆಸರು, ಊರಿನ ಹೆಸರು ಇವೆ. ಅವುಗಳನ್ನು ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ, ನಿಮ್ಮ ಹಂಡೆಯ ಅಕ್ಷರಗಳೊಡನೆ ಹೋಲಿಸಿ ನೋಡಿ. ಮುತ್ತಜ್ಜಿಯವರ ಹೆಸರನ್ನೂ ಕಳಿಸುತ್ತೇನೆ, ಅದನ್ನು 1912ರ ಡೈರಿಯೊಡನೆ ಹೋಲಿಸಿ.

ಇನ್ನೊಂದು ಸಂಗತಿಯನ್ನು ದಯವಿಟ್ಟು ಗಮನಿಸಿ. ಕಾಗದದ ಕೆಳಭಾಗದಲ್ಲಿ ಬರೆದುಕೊಟ್ಟವನ ಹೆಸರಿನ ಪಕ್ಕ ಸಣ್ಣ ನೇಗಿಲಿನ ಚಿತ್ರವಿದೆ. ಅಕ್ಷರ ಬಾರದ ರೈತರು ಸಹಿಯ ಬದಲು ನೇಗಿಲು ತೆಗೆಯುವುದು ಮರಾಠಿ ಕಾಗದಗಳಲ್ಲಿ ಹಳೆಯ ರೂಢಿ. ಅದರ ಎಡಕ್ಕೆ ಒಂದು ದುಂಡನೆಯ ಗುರುತಿದೆ. ನೀವು ಸೊನ್ನೆಯೆಂದೋ ಶಾಯಿಯ ಕಲೆಯೆಂದೋ ತಿಳಿದಿರಬಹುದು. ಅದು ಬಳೆ. ಹೆಣ್ಣುಮಕ್ಕಳ ಸಹಿ ಅದು. ಒಡವೆ ತಿರುಗಿ ಕೊಟ್ಟದ್ದಕ್ಕೆ ಒಪ್ಪಿಗೆಯಾಗಿ ನಿಮ್ಮ ಮುತ್ತಜ್ಜಿ ತಮ್ಮ ಕೈಯಿಂದಲೇ ಹಾಕಿದ ಗುರುತು. ಗೆರೆ ಒಂದು ಕಡೆ ಕೂಡಿಲ್ಲ.


ಪ್ರಶ್ನೆ ಕೇಳಿದವರಿಂದ, ನಾಲ್ಕು ತಿಂಗಳ ನಂತರ

ಮೂವರಿಗೂ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಎಲ್ಲವನ್ನೂ ಕಣ್ಣಿನಿಂದ ನೋಡಿದ ಮೇಲೆಯೇ ಬರೆಯೋಣವೆಂದು ಕಾದೆ.

ಸೋಡಚೀಟಿಯಲ್ಲಿ ಅಣ್ಣನ ತಂದೆಯೆಂದು ಬರೆದ ಹೆಸರೂ ಹಂಡೆಯ ಮೇಲಿನ ಹೆಸರೂ ಒಂದೇ, ಊರೂ ಒಂದೇ. ಮುತ್ತಜ್ಜಿಯ ಹೆಸರು 1912ರ ಡೈರಿಯಲ್ಲಿ ಇರುವುದೇ. ಅಲ್ಲಿಗೆ ಮೊದಲ ಮನೆಯವಳೂ ಎರಡನೆಯ ಮನೆಯವಳೂ ಒಬ್ಬಳೇ ಎಂಬುದು ಕಾಗದದಿಂದಲೇ ತೀರ್ಮಾನವಾಯಿತು. ಆ ಹೆಸರು ಬದಲಾದದ್ದು ನಮ್ಮ ಮನೆಗೆ ಬಂದ ಮೇಲೆ. ತವರು ಮುಳುಗಡೆಯಾದ ಊರೇ. ಅಲ್ಲಿಯವರು ಈಗ ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಪರಿಹಾರದ ಕಡತಕ್ಕೆ ಕೊಟ್ಟ ವಂಶಾವಳಿಯ ಪ್ರತಿಯನ್ನು ಅವರೇ ತೋರಿಸಿದರು. ತಂದೆಯ ಹೆಸರಿದೆ, ಅಣ್ಣನ ಹೆಸರಿದೆ, ಆಕೆಯದಿಲ್ಲ. ನಲವತ್ತು ರೂಪಾಯಿ ಕೊಟ್ಟು ತಂಗಿಯನ್ನು ಬಿಡಿಸಿಕೊಂಡು ಬಂದ ಅಣ್ಣನ ಮೊಮ್ಮಗನ ಕೈಯಿಂದ ನಾನು ಚಹಾ ಕುಡಿದು ಬಂದೆ.

ಮೊದಲ ಮನೆಗೆ ಹೋಗಲು ಹೆಚ್ಚು ಅಳುಕಿತ್ತು. ತಲಾಠಿ ಹಿರಿಯರು ಹೇಳಿದಂತೆ ಊರಿನ ಹಿರಿಯರೊಬ್ಬರನ್ನು ಮುಂದೆ ಮಾಡಿಕೊಂಡು, ಡೈರಿಯ ನಕಲನ್ನು ಚೀಲದಿಂದ ತೆಗೆಯದೆ, ನಮಗೆ ಏನೂ ಬೇಡವೆಂದು ಮೊದಲೇ ಹೇಳಿ ಕುಳಿತೆ. ಆದರೂ ಗಂಡಸರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಮಾತು ತೆಗೆದವರು ಆ ಮನೆಯ ಹಿರಿಯ ಸೊಸೆ. ಎಂಬತ್ತು ದಾಟಿದವರು, ನಮ್ಮ ಆಯಿ ಬಿಟ್ಟುಬಂದ ಆ ಗಂಡು ಕೂಸಿನ ಸೊಸೆ.

ಅವರು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. ತಾವು ಮದುವೆಯಾಗಿ ಬಂದ ಹೊಸತರಲ್ಲಿ, ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದಾಗಲೆಲ್ಲ ತಮ್ಮ ಮಾವನವರು ಹೊಂಡದ ಮೆಟ್ಟಿಲ ಹತ್ತಿರ ಒಬ್ಬ ಮುದುಕಿಯ ಜೊತೆ ಕುಳಿತು ಬುತ್ತಿ ಬಿಚ್ಚಿ ಉಣ್ಣುತ್ತಿದ್ದರಂತೆ. ಆಕೆ ಬಿಳಿಜೋಳದ ಕಟಕ ರೊಟ್ಟಿ, ಸೇಂಗಾದ ಹಿಂಡಿ ಕಟ್ಟಿಕೊಂಡು ಬರುತ್ತಿದ್ದಳಂತೆ. ಆಕೆ ಯಾರೆಂದು ಕೇಳಿದರೆ ಮಾವನವರು "ಬನಶಂಕರಿ ಆಯಿ" ಎಂದಷ್ಟೇ ಹೇಳುತ್ತಿದ್ದರು. ದೂರದ ಸಂಬಂಧವಿರಬೇಕೆಂದು ತಾವು ಸುಮ್ಮನಾದೆವು ಎಂದರು. ಒಂದು ವರ್ಷ ಮುದುಕಿ ಬರಲಿಲ್ಲ. ಮಾವನವರು ಕತ್ತಲಾಗುವವರೆಗೆ ಅದೇ ಮೆಟ್ಟಿಲ ಮೇಲೆ ಕುಳಿತಿದ್ದು, ಮುಂದಿನ ವರ್ಷದಿಂದ ಜಾತ್ರೆಗೆ ಹೋಗುವುದನ್ನೇ ಬಿಟ್ಟರಂತೆ.

ಆಕೆಗೆ ಹುಟ್ಟಿದಾಗ ಇಟ್ಟ ಹೆಸರು ಇನ್ನೂ ಸಿಕ್ಕಿಲ್ಲ. ತವರಿನ ಹೆಳವರು ಸುಗ್ಗಿಯಾದ ಮೇಲೆ ಬರುತ್ತಾರಂತೆ. ಬಂದ ದಿನ ಸುದ್ದಿ ತಿಳಿಸುವುದಾಗಿ ಅವರ ಮನೆಯವರು ಮಾತು ಕೊಟ್ಟಿದ್ದಾರೆ. ಸದ್ಯಕ್ಕೆ ನನ್ನ ವಹಿಯಲ್ಲಿ ಡೈರಿಯಲ್ಲಿದ್ದ ಹೆಸರು, ನಮ್ಮ ಮನೆಯ ಹೆಸರು, ಮೂರನೆಯದಾಗಿ ಬನಶಂಕರಿ ಆಯಿ ಎಂದು ಬರೆದುಕೊಂಡು, ಮೇಲಿನ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇನೆ.